ಕಂಪ್ಯೂಟರ್ ತಾನೇ ಆರಿಸಿದಾಗ

ಕಂಪ್ಯೂಟರಿಗೆ ಪ್ರಿಂಟರೋ ಸ್ಪೀಕರೋ ಹೊಸ ಯಂತ್ರ ಜೋಡಿಸಿದಾಗ ಅದು ‘ನಾನೇ ಹೊಂದಿಸಿಕೊಳ್ಳಲೇ?’ ಎಂದು ಕೇಳಿದರೆ ‘ಬೇಡ’ ಒತ್ತಬೇಕು. ಅಳತೆ ನೋಡಿ ಕೈಯಾರೆ ಹೊಂದಿಸಬೇಕು. ಆಂಧ್ರದಲ್ಲಿರುವ ನಮ್ಮ ಔಷಧ ಕಂಪನಿಯ ಕೊಂಡಪಲ್ಲಿ, ದುವ್ವಾಡ ಎರಡೂ ಘಟಕಗಳ ಕಂಪ್ಯೂಟರುಗಳು ನನ್ನ ಸುಪರ್ದಿಯಲ್ಲಿವೆ. ಈ ನಿಯಮ ಬರೆದು ಗೋಡೆಗೆ ಅಂಟಿಸಿದವನೂ ನಾನೇ. ಯಾರೂ ಅದನ್ನು ಮುರಿಯದೆ ಒಂದು ವಾರ ಕಳೆದದ್ದಿಲ್ಲ. ಈ ವರ್ಷದ ಆಡಿಟ್ ತಕರಾರಿಲ್ಲದೆ ಮುಗಿದರೆ ಮೈಸೂರಿಗೆ ವರ್ಗ ಎಂದು ಮೇಲಿನವರು ನನಗೆ ಮಾತು ಕೊಟ್ಟಿದ್ದರು.

ಜಾತಕ

ಕೊಂಡಪಲ್ಲಿಯ ಸ್ಟೋರ್ಸ್ ಅಧಿಕಾರಿ ಪ್ರಿಂಟರಿನ ಆಯ್ಕೆಯನ್ನು ಕಂಪ್ಯೂಟರಿಗೇ ಬಿಟ್ಟಿದ್ದರು. ಅದು ಹಿಂದಿನ ಸಲ ಬಳಸಿದ್ದ ಮ್ಯಾನೇಜರ ಪ್ರಿಂಟರನ್ನೇ ಆರಿಸಿತು. ಅವರ ಮಗಳ ಜಾತಕ ಮ್ಯಾನೇಜರ ಕೋಣೆಯಲ್ಲಿ ಹೊರಬಂತು. ತಮ್ಮ ಪ್ರಿಂಟರಿನಿಂದ ಬಂದದ್ದಕ್ಕೆಲ್ಲ ಓದದೆ ಸಹಿ ಹಾಕುವುದು ಮ್ಯಾನೇಜರ ರೂಢಿ. ‘ಪರಿಶೀಲಿಸಿ ಅನುಮೋದಿಸಲಾಗಿದೆ’ ಎಂದು ಮೊಹರೊತ್ತಿ ಕಳಿಸಿದರು. ನಾನು ಆಕ್ಷೇಪಿಸಿದೆ.

“ಇರಲಿ ಬಿಡಿ ಸಾರ್,” ಎಂದರು ಸ್ಟೋರ್ಸಿನವರು. “ಗಂಡಿನ ಕಡೆಯವರಿಗೆ ಆ ಮೊಹರೇ ಹಿಡಿಸಿದೆ.”

ಬೈಗುಳ

ದುವ್ವಾಡದಲ್ಲಿ ಉತ್ಪಾದನಾ ವಿಭಾಗದ ಮುಖ್ಯಸ್ಥರು ಹಬ್ಬದ ಹಾಡಿಗೆಂದು ಕ್ಯಾಂಟೀನಿನ ಸ್ಪೀಕರನ್ನು ತಮ್ಮ ಲ್ಯಾಪ್‌ಟಾಪಿಗೆ ಬ್ಲೂಟೂತಿನಲ್ಲಿ ಜೋಡಿಸಿದ್ದರು. ಮರುದಿನ ಹೆಡ್ಡಾಫೀಸಿನೊಂದಿಗೆ ವಿಡಿಯೋ ಮೀಟಿಂಗ್. ಕ್ಯಾಂಟೀನು ಗೋಡೆಯಾಚೆಗೇ ಇದ್ದುದರಿಂದ ಲ್ಯಾಪ್‌ಟಾಪ್ ಅದೇ ಸ್ಪೀಕರನ್ನು ತಾನಾಗಿ ಹುಡುಕಿಕೊಂಡಿತು. ಇವರು ಕೋಣೆಯಲ್ಲಿ ಏನೂ ಕೇಳಿಸದೆ “ಹಲೋ, ಹಲೋ” ಎನ್ನುತ್ತಿದ್ದರು. ಇವರಿಗೆ ಬಿದ್ದ ಬೈಗುಳವನ್ನು ಇಡ್ಲಿ ತಿನ್ನುತ್ತಿದ್ದವರೆಲ್ಲ ಪೂರ್ತಿ ಕೇಳಿದರು. ಅಂದಿನಿಂದ ಅಡುಗೆಯವನು ಅವರ ತಟ್ಟೆಗೆ ಒಂದು ವಡೆ ಹೆಚ್ಚು ಹಾಕುತ್ತಾನೆ. “ಪಾಪಂ, ತಿನಂಡಿ ಸಾರ್,” ಪಾಪ, ತಿನ್ನಿ ಎಂದು ತೆಲುಗಿನಲ್ಲಿ ಉಪಚಾರ ಬೇರೆ.

ಲೇಬಲ್

ಆಡಿಟ್ ದಿನ ದುವ್ವಾಡದ ಲೇಬಲ್ ಪ್ರಿಂಟರ್ ಕೆಟ್ಟಿತು. ಹೊಸದನ್ನು ಜೋಡಿಸಿದೆವು. ಕೈಯಾರೆ ಲೇಬಲಿನ ಅಳತೆ ತುಂಬಲು ಅರ್ಧ ಗಂಟೆ ಬೇಕು. ಆಡಿಟರ್ ಆಗಲೇ ಬಾಗಿಲಲ್ಲಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದವರು ಲೇಬಲ್ ವಿಭಾಗದ ರಾಯಚೂರಿನ ಹೆಣ್ಣುಮಗಳು.

“ಅದೇ ಹೊಂದಿಸಿಕೊಳ್ಳಲಿ, ಒತ್ತಿಬಿಡಮ್ಮ,” ಎಂದೆ. ಹೌದು, ನಾನೇ ಅಂದದ್ದು.

“ಅದು ಅಳತಿ ತಪ್ಪಿ ಹೊಡೀತದ್ರಿ ಸಾರ್. ಔಷಧದ ಕಡೀ ತಾರೀಖೇ ಕತ್ತರಿಸಿ ಹೋಗತದ. ನಾ ಒತ್ತಂಗಿಲ್ಲ.”

“ಈಗ ಒತ್ತು, ಆಮೇಲೆ ಸರಿಮಾಡೋಣ. ನನ್ನ ವರ್ಗ ನಿಂತಿರೋದೇ ಇದರ ಮೇಲೆ.”

“ನೀವು ಮೈಸೂರಿಗೆ ಹೋಗ್ರಿ, ಯಾರ ಬ್ಯಾಡಂದಾರ? ಔಷಧ ಹೋಗೋದು ಮಂದಿ ಹೊಟ್ಟಿಗೆ.”

ನಾನು ಮೌಸಿಗೆ ಕೈ ಹಾಕಿದೆ. ಆಕೆ ಅದರ ವೈರನ್ನು ಕಂಪ್ಯೂಟರಿನಿಂದ ಕಿತ್ತು, ಮೌಸಿಗೇ ಸುತ್ತಿ, ಅದನ್ನು ತಮ್ಮ ವ್ಯಾನಿಟಿ ಬ್ಯಾಗಿನೊಳಗಿಟ್ಟು ಜಿಪ್ ಎಳೆದರು. ಆಡಿಟರಿಗೆ “ಕುಂದರ್ರಿ ಸಾರ್, ಅರ್ಧ ತಾಸು ಆಗತದ,” ಎಂದು ಕುರ್ಚಿ ತೋರಿಸಿ, ಕೀಬೋರ್ಡಿನಲ್ಲೇ ಒಂದೊಂದಾಗಿ ಅಳತೆ ತುಂಬತೊಡಗಿದರು.