ಹೋತ ಕಳುವಾದ ಬೆಳಿಗ್ಗೆ

ವರ್ಷವಿಡೀ ಹೇಗೋ ಜೀವ ಹಿಡಿದಿದ್ದ ಬೋಸನ್, ಸೇನಾ ಅಕಾಡೆಮಿಯೊಡನೆ ಫುಟ್‌ಬಾಲ್ ಪಂದ್ಯವಿದ್ದ ದಿನವೇ ಬೆಳಿಗ್ಗೆ ಆರಕ್ಕೆ ಸತ್ತುಹೋಯಿತು. ಅದು ನೌಕಾ ಅಕಾಡೆಮಿ ತಂಡದ ಲಾಂಛನವಾದ ಹೋತ. ಮಧ್ಯಾಹ್ನ ಮೈದಾನದಲ್ಲಿ ತಂಡದ ಮುಂದೆ ನಿಲ್ಲಬೇಕಾಗಿತ್ತು. ಹದಿನಾಲ್ಕು ವರ್ಷದ್ದು. ಅದನ್ನು ಸಾಕುತ್ತಿದ್ದ ಆರ್ವಿಲ್ ಟಿಲ್‌ಮನ್‌ನ ಅಂಗೈಯನ್ನು ಒಮ್ಮೆ ನೆಕ್ಕಿ ಸುಮ್ಮನಾಯಿತು.

ಟಿಲ್‌ಮನ್ನರ ತೋಟದಲ್ಲಿ ಮೂರು ತಲೆಮಾರಿನಿಂದ ನೌಕಾಪಡೆಯ ಹೋತಗಳು ಬೆಳೆದಿದ್ದವು. ಹೆಂಡತಿ ತೀರಿಕೊಂಡ ಮೇಲೆ ಆರ್ವಿಲ್‌ಗೆ ಬೆಳಿಗ್ಗೆ ಏಳಲು ಉಳಿದಿದ್ದ ಕಾರಣ ಅದೊಂದೇ. ಪಂದ್ಯದ ದಿನವೇ ಹೋತವನ್ನು ಸಾಯಬಿಟ್ಟವನ ಕೈಗೆ ಇನ್ನೊಂದನ್ನು ಯಾರು ಕೊಡುತ್ತಾರೆ? ಒಂಬತ್ತಕ್ಕೆ ಹೋತವನ್ನು ಒಯ್ಯಲು ನೌಕಾ ಅಕಾಡೆಮಿಯ ಕಮಾಂಡರ್ ಪ್ರೂಯಿಟ್ ವ್ಯಾನ್ ತರುವವರಿದ್ದರು.

ಆಗ ಅವನಿಗೊಂದು ಉಪಾಯ ಹೊಳೆಯಿತು. ಪಂದ್ಯಕ್ಕೆ ಮುಂಚೆ ಹೋತ ಕದಿಯುವುದು ಸೇನೆಯ ಕೆಡೆಟ್‌ಗಳ ಹಳೆಯ ಚಟ. ಅಪ್ಪನ ಕಾಲದಲ್ಲಿ ಎರಡು ಸಲ ಕದ್ದಿದ್ದರು. ಜನ ಸೇನೆಯನ್ನು ಬೈದರೇ ಹೊರತು ಅಪ್ಪನನ್ನಲ್ಲ. ಆರ್ವಿಲ್ ಓಕ್ ಮರದಡಿ ಗುಂಡಿ ತೋಡಿದ. ಬೋಸನ್‌ಗೆ ತನ್ನ ಕೋಟು ಸುತ್ತಿ ಮಣ್ಣು ಮಾಡಿದ. ತನ್ನ ಬೀಗವನ್ನು ತಾನೇ ಕತ್ತರಿಸಿ, ಹೋತ ಕಳುವಾಗಿದೆಯೆಂದು ಅಕಾಡೆಮಿಗೆ ಫೋನ್ ಮಾಡಿದ.

ಈ ಸುಳ್ಳನ್ನು ಒಬ್ಬನೇ ಹೊರಬೇಕಾದೀತೆಂದು ಅವನು ಹೆದರಿದ್ದ. ಆದರೆ ನೆರೆಯವರು ಹೆಗಲು ಕೊಟ್ಟರು. ಪಕ್ಕದ ಮನೆಯ ಮಿಸ್ ಹೆಟ್ಟಿ ಕನ್ನಡಕವಿಲ್ಲದಿದ್ದರೆ ಬೆಕ್ಕನ್ನೇ ದಿಂಬೆಂದು ತಟ್ಟುವ ಮುದುಕಿ. ಇಬ್ಬರು ಬೋಳುತಲೆಯ ಹುಡುಗರು ಬೇಲಿ ಹಾರಿದ್ದನ್ನು ಕಣ್ಣಾರೆ ಕಂಡೆನೆಂದು ಅವಳು ಕಮಾಂಡರ್ ಮುಂದೆ ಆಣೆ ಮಾಡಿದಳು.

“ನೀವು ಏಳೋದೇ ಎಂಟಕ್ಕಲ್ವಾ, ಮಿಸ್ ಹೆಟ್ಟಿ?” ಎಂದು ಆರ್ವಿಲ್ ಪಿಸುಗುಟ್ಟಿದ.

“ನಿನ್ನ ಪರವಾಗೇ ಹೇಳ್ತಿದ್ದೀನಿ. ಬಾಯ್ಮುಚ್ಕೊಂಡು ನಿಂತ್ಕೋ.”

ಆ ವರ್ಷ ಸೇನೆಯ ಇಬ್ಬರು ಕೆಡೆಟ್‌ಗಳು ವಿದ್ಯಾರ್ಥಿ ವಿನಿಮಯದಲ್ಲಿ ನೌಕಾ ಅಕಾಡೆಮಿಗೇ ಓದಲು ಬಂದಿದ್ದರು. ಸಂಶಯ ನೇರವಾಗಿ ಅವರ ಮೇಲೆ ಹೋಯಿತು. ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಅಂಥ ಗೌರವದ ಆರೋಪವನ್ನು ಯಾವ ಕೆಡೆಟ್ ತಾನೇ ಅಲ್ಲಗಳೆಯುತ್ತಾನೆ? ಸೇನೆಯ ಜನರಲ್ ಫೋನಿನಲ್ಲಿ, ಹನ್ನೊಂದರೊಳಗೆ ಹೋತ ತೋಟ ಸೇರಿರಬೇಕೆಂದು ಅವರಿಗೆ ಆಜ್ಞೆ ಮಾಡಿದರು. ಕದ್ದಿರಾ ಎಂದು ಅವರೂ ಕೇಳಲಿಲ್ಲ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹೋತವೊಂದು ವಾಪಸು ಬಂತು. ಬಿಳಿಯದೇ, ಗಡ್ಡವೂ ಇತ್ತು. ಬೋಸನ್‌ನ ಕೊಂಬಿನಂತೆ ಕಾಣಲೆಂದು ಅದರ ಕೊಂಬಿಗೆ ಬಳಿದ ಹಸಿ ನೀಲಿ ಬಣ್ಣ ಕಮಾಂಡರ್ ಕೈಗೆ ಅಂಟಿತು. ಇಬ್ಬರು ಕೆಡೆಟ್‌ಗಳು ಆಕಾಶ ನೋಡುತ್ತ ನಿಂತರು.

“ಇದು ನಮ್ಮ ಬೋಸನ್ನೇ ತಾನೆ, ಮಿಸ್ಟರ್ ಟಿಲ್‌ಮನ್?” ಎಂದು ಕಮಾಂಡರ್ ಕೇಳಿದರು.

“ಹೌದು ಸರ್.” ಹೋತ ಅವನನ್ನು ಜನ್ಮದಲ್ಲೇ ಕಂಡಿಲ್ಲದಂತೆ ನೋಡಿತು.

ಗೆದ್ದೆನೆಂದು ಆರ್ವಿಲ್ ಉಸಿರು ಬಿಟ್ಟ. ಕಮಾಂಡರ್ ಅವನನ್ನು ಪಕ್ಕಕ್ಕೆ ಕರೆದರು.

“ಅದಕ್ಕೆ ವಯಸ್ಸಾಗಿದೆ, ಇವತ್ತೋ ನಾಳೆಯೋ ಅಂತ ನಮಗೂ ಗೊತ್ತಿತ್ತು. ನಿಮ್ಮ ಕೈಲೇ ಕಣ್ಣು ಮುಚ್ಚಲಿ ಅಂತ ಇಲ್ಲೇ ಬಿಟ್ಟಿದ್ವಿ. ಸತ್ತಿದ್ರೆ ಬಾವುಟ ಹೊದಿಸಿ, ಕಹಳೆ ಊದಿಸಿ ಮಣ್ಣು ಮಾಡ್ತಿದ್ವಿ. ಹೊಸ ಮರಿಗಳನ್ನೂ ನಿಮಗೇ ಅಂತ ಆರಿಸಿಟ್ಟಿದ್ವಿ.” ಅವರು ಕೈಯ ನೀಲಿಯನ್ನು ಒರೆಸಿಕೊಂಡರು. “ಆದರೆ ಕಳ್ಳತನ ಆದ ಜಾಗಕ್ಕೆ ಕೊಡೋಕಾಗಲ್ಲ. ಮರಿಗಳು ಬೇರೆ ತೋಟಕ್ಕೆ ಹೋಗ್ತವೆ. ಪಂದ್ಯ ಮುಗಿದ ಮೇಲೆ ಇದೂ ಅಲ್ಲಿಗೇ.”

ಆರ್ವಿಲ್ ಬಾಯಿ ತೆರೆದ. ಬೇಲಿಯಾಚೆ ಆಣೆ ಮಾಡಿದ ಮುದುಕಿ, ಈಚೆ ತಲೆತಗ್ಗಿಸಿದ ಇಬ್ಬರು ಹುಡುಗರು. ನಿಜ ಹೇಳಿದರೆ ಮೂವರೂ ಸಿಕ್ಕಿಬೀಳುತ್ತಾರೆಂದು ಬಾಯಿ ಮುಚ್ಚಿದ.

ಮಧ್ಯಾಹ್ನ ಮಿಸ್ ಹೆಟ್ಟಿ ಏಡಿ ಸೂಪು ತಂದು ಅವನ ಪಕ್ಕ ಟಿ.ವಿ. ಮುಂದೆ ಕೂತಳು. ಮೈದಾನದಲ್ಲಿ ನಾಲ್ಕು ಸಾವಿರ ನೌಕಾ ಕೆಡೆಟ್‌ಗಳು ಬೋಸನ್ ಹೆಸರು ಕೂಗಿ ಆ ಅಪರಿಚಿತ ಹೋತಕ್ಕೆ ಸಲ್ಯೂಟ್ ಹೊಡೆಯುತ್ತಿದ್ದರು.

“ಕೆಲಸ ಹೋದ್ರೆ ಹೋಗ್ಲಿ ಬಿಡಪ್ಪ,” ಎಂದು ಅವಳು ಅವನ ಬೆನ್ನು ಸವರಿದಳು. “ಹೋತ ಜೀವಂತ ಇದೆಯಲ್ಲ, ಅದೇ ದೊಡ್ಡದು.”

ಆರ್ವಿಲ್ ತಲೆಯಾಡಿಸಿ ಬಟ್ಟಲು ಕೈಗೆ ತೆಗೆದುಕೊಂಡ.