ಎಲೆ ತೂಗುವ ಮಾವ

ನಮ್ಮ ಸೋದರಮಾವನಷ್ಟು ಎಲೆಯನ್ನು ಗೌರವಿಸುವ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಮರದ ಮೇಲಿನ ಎಲೆಯಲ್ಲ ಮತ್ತೆ, ಕೆಳಗೆ ಬಿದ್ದದ್ದು! ಹಸಿರೆಲೆ ಕಂಡರೆ ಅವರಿಗೆ ಅಸಡ್ಡೆ. ಅದಿನ್ನೂ ಬಿದ್ದಿಲ್ಲವಲ್ಲ!

ಕುಂದಾಪುರದ ಹಿನ್ನೀರಿನ ಕೆಸರಲ್ಲಿ ಬೇರೂರಿ ನಿಲ್ಲುವ ಕಾಂಡ್ಲಾ ಮರಗಳ ಕೆಳಗೆ ಬಲೆ ಕಟ್ಟಿ, ಯಾವ ಕಾಲದಲ್ಲಿ ಎಷ್ಟು ಎಲೆ ಉದುರುತ್ತದೆಂದು ತೂಗುವುದೇ ಅವರ ನೌಕರಿಯಾಗಿತ್ತು. ಇದಕ್ಕೂ ಸಂಬಳ ಕೊಡುತ್ತಾರೆಯೇ! ಹೋಗಲಿ, ನಿವೃತ್ತರಾದ ಮೇಲಾದರೂ ಸುಮ್ಮನಿದ್ದರೇ? ನಮ್ಮಮ್ಮನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ನಿಂತಾಗ, ಅಕ್ಕನನ್ನು ನೋಡಲೆಂದು ಮೂರ್ನಾಡಿನ ನಮ್ಮ ಮನೆಗೆ ಬಂದರು. ಮರುದಿನವೇ ನನ್ನ ಹೊಸ ಸೊಳ್ಳೆಪರದೆ ಹಲಸಿನ ಮರದಡಿ ಗೂಟಗಳಿಗೆ ಜೋತಾಡುತ್ತಿತ್ತು!

“ಮಾವಾ, ಸೊಳ್ಳೆ ಕಚ್ಚೋದು ನಮಗೆ, ಹಲಸಿನ ಮರಕ್ಕಲ್ಲ!”

“ಎಲೆ ನೆಲಕ್ಕೆ ಬಿದ್ರೆ ಲೆಕ್ಕ ತಪ್ಪುತ್ತೆ ಮಗಾ. ಕಾಂಡ್ಲಾ ಎಲೆ ಕೊಳೆತರೇನೇ ಏಡಿ, ಸಿಗಡಿಗೆಲ್ಲ ಊಟ, ಗೊತ್ತಾ?”

“ಇಲ್ಲಿ ಯಾವ ಸಿಗಡಿ ಉಪವಾಸ ಕೂತಿದೆ?”

“ಸಿಗಡಿ ಇಲ್ಲ, ಸರಿ. ಗದ್ದೇಲಿ ಏಡಿ ಇದೆಯಲ್ಲ!”

ತೂಗುವ ಮೊದಲು ಎಲೆ ಒಣಗಬೇಕಂತೆ. ಒಣಗಿಸಿದ್ದೆಲ್ಲಿ? ನಮ್ಮ ಕಾಫಿ ಕಣದಲ್ಲಿ! ಕಾಫಿ ನೋಡಲು ಬಂದ ವ್ಯಾಪಾರಿ ರಾಶಿಗೆ ಕೈ ಹಾಕಿ, ಒಂದು ಹಿಡಿ ತರಗೆಲೆ ಎತ್ತಿ ಹಿಡಿದು, “ಇದು ಅರೇಬಿಕಾವಾ, ರೋಬಸ್ಟಾವಾ ಅಕ್ಕಾ?” ಎಂದ.

“ಹಾಲುವಾಣ!” ಎಂದು ತೋಟದ ನೆರಳುಮರದ ಹೆಸರು ಹೇಳಿದರು ಮಾವ, ಹೆಮ್ಮೆಯಿಂದ. ವ್ಯಾಪಾರಿ ಕೈ ಕೊಡವಿ ಬೈಕ್ ಹತ್ತಿದ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅಮ್ಮನ ಔಷಧಿಗೆಂದು ಮಡಿಕೇರಿಗೆ ಹೋದವಳು, ಬಸ್ಸಿನುದ್ದಕ್ಕೂ “ಮಾವಾ, ಇನ್ನು ನೀವು ಊರಿಗೆ ಹೊರಡಿ” ಎನ್ನುವುದನ್ನೇ ಬಾಯಿಪಾಠ ಮಾಡಿಕೊಂಡು ಬಂದೆ. ಬಂದು ನೋಡಿದರೆ, ನಾನು ಒಗೆದು ಹಾಸಿದ್ದ ಅಮ್ಮನ ಹಾಸಿಗೆಯ ತುಂಬ ತರಗೆಲೆ, ಕಡ್ಡಿ, ಇರುವೆ ಬೇರೆ!

“ಮಾವಾ!” ಎಂದು ಕಿರುಚಿದೆ.

“ಶ್! ಅಕ್ಕ ಎಲೆ ಬೇರೆ, ಕಡ್ಡಿ ಬೇರೆ ಮಾಡ್ತಿದ್ದಾಳೆ.”

ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಒಮ್ಮೆಯೂ ಹಿಡಿಯದ ಅಮ್ಮನ ಬಲಗೈ ನಡುಗುತ್ತಾ ತೆವಳಿ, ಒಂದು ಹಲಸಿನೆಲೆಯನ್ನು ಚಿವುಟಿ ಹಿಡಿದು ಆಚೆ ಇಟ್ಟಿತು. ಮತ್ತೆ ತಡಕಿ, ಈ ಸಲ ಏನನ್ನೋ ಎತ್ತಿ ಅದರ ಪಕ್ಕದಲ್ಲೇ ಇಟ್ಟಿತು.

“ಅಕ್ಕಾ, ಅದು ಎಲೆಯಲ್ಲ, ಕಡ್ಡಿ” ಎಂದರು ಮಾವ.

ಅಮ್ಮ ತಮ್ಮನನ್ನು ದುರುಗುಟ್ಟಿ ನೋಡಿದಳು. ತುಟಿ ಒದ್ದಾಡಿತು.

“ಗೊ... ತ್ತು!”

ಲಕ್ವ ಹೊಡೆದ ಮೇಲೆ ಅಮ್ಮ ಆಡಿದ ಮೊದಲ ಮಾತು ಅದು. ಮಾವ ಗೋಡೆಯ ಕಡೆ ತಿರುಗಿ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾನು ಹಿತ್ತಲಿಗೆ ಹೋಗಿ ಇನ್ನೊಂದು ಮೊರದ ತುಂಬ ಎಲೆ ತಂದೆ.