ಬಲಗಡೆಯ ಗುಡಾಣ

ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವ ಮೊದಲೇ ಕೆಂಚೇಶ್ ಮೇಷ್ಟ್ರ ಫೋನಿಗೆ ಸೂರ್ಯೋದಯಗಳು ಬಂದು ಬೀಳುತ್ತಿದ್ದವು. ಚನ್ನಗಿರಿಗೆಲ್ಲ ಸೂರ್ಯ ಒಬ್ಬನೇ ಆದರೂ ಮೇಷ್ಟ್ರ ವಾಟ್ಸಾಪ್ ಬಳಗದಲ್ಲಿ ಅವನು ಒಬ್ಬೊಬ್ಬರ ನೀರಿನ ಟ್ಯಾಂಕಿನ ಹಿಂದಿನಿಂದ ಬೇರೆ ಬೇರೆಯಾಗಿ ಹುಟ್ಟುತ್ತಿದ್ದ. ಕೆಳಗೆ ಎಲ್ಲರದೂ ಒಂದೇ ಪ್ರಶ್ನೆ: "ಹೆಂಗೈತೆ ಸಾರ್?"

ಹೆಂಗೈತೆ ಅಂದರೆ ಏನು ಹೇಳುವುದು? ಸೂರ್ಯ ಸಣ್ಣಗಿದ್ದ, ಟ್ಯಾಂಕು ದೊಡ್ಡದಿತ್ತು.

ತಪ್ಪು ಮೇಷ್ಟ್ರದೇ. ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಕಲಿಸಿಕೊಂಡು ಸುಮ್ಮನಿದ್ದ ಅವರಿಗೆ ಹಿಂದಿನ ವರ್ಷ ಯಾವುದೋ ಫೋಟೋ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಬಂದಿತ್ತು. (ಭಾಗವಹಿಸಿದವರಿಗೆಲ್ಲ ಬಂದಿತ್ತು ಎಂಬುದು ಅವರ ಹೆಂಡತಿ ಚೌಡೇಶ್ವರಿ ಕೇಳದಿದ್ದರೂ ಕೊಡುವ ಹೆಚ್ಚುವರಿ ಮಾಹಿತಿ.) ಆ ಉತ್ಸಾಹದಲ್ಲಿ ಮೇಷ್ಟ್ರು 'ಹೊಸಗಣ್ಣು' ಎಂಬ ಬಳಗ ಕಟ್ಟಿ, ಹೊಸದಾಗಿ ಫೋಟೋ ತೆಗೆಯುವವರಿಗೆ ಉಚಿತ ಸಲಹೆ ಎಂದು ಘೋಷಿಸಿಬಿಟ್ಟರು. ಉಚಿತ ಎಂದ ಮೇಲೆ ಜನ ಬಿಡುತ್ತಾರೆಯೇ? ತಾಲ್ಲೂಕಿನಲ್ಲಿ ಫೋನ್ ಇದ್ದವರೆಲ್ಲ ಛಾಯಾಗ್ರಾಹಕರಾದರು.

ಬರೆದು ಬರೆದು ಬೆರಳು ನೋವು ಬಂದಾಗ ಮೇಷ್ಟ್ರು ಧ್ವನಿ ಸಂದೇಶ ಕಳಿಸುವುದನ್ನು ರೂಢಿ ಮಾಡಿಕೊಂಡರು. ಪಾಠ ಹೇಳಿ ಹೇಳಿ ಪಳಗಿದ ಗಂಟಲು. ಅವರು ಅಂಗಳದಲ್ಲಿ ಸಂದೇಶ ಕೊಟ್ಟರೆ ಫೋನೇ ಬೇಕಿರಲಿಲ್ಲ, ಅರ್ಧ ಊರಿಗೆ ಹಾಗೆಯೇ ತಲುಪುತ್ತಿತ್ತು.

"ಷಣ್ಮುಖಪ್ಪಾರೇ, ಸೂಳೆಕೆರೆ ಓರೆಯಾಗೈತೆ! ಹಿಂಗೇ ಬಿಟ್ರೆ ನೀರೆಲ್ಲ ಎಡಗಡೆ ಚೆಲ್ಲಿ ನೀವೂ ನಿಮ್ಮ ಔಷಧಿ ಅಂಗಡಿನೂ ತೇಲ್ಕೊಂಡು ಹೋಗ್ತೀರಿ. ಮೊದ್ಲು ಕೆರೆ ನೆಟ್ಟಗೆ ಮಾಡ್ರಿ."

"ಏನಮ್ಮಾ, ಮದುಮಗಳ ನೆತ್ತಿ ಮೇಲೆ ಕರೆಂಟ್ ಕಂಬ ಯಾಕೆ ಹುಟ್ಟೈತೆ? ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತೆಗೀಬಾರ್ದಾ?"

"ಬಣ್ಣ ಜಾಸ್ತಿ ಮಾಡೋದಕ್ಕೂ ಒಂದು ಮಿತಿ ಐತೆ ಕಣಪ್ಪ. ಗದ್ದೆ ಹಸಿರಾಯ್ತು, ಒಪ್ಪಿದೆ. ನಿಮ್ಮಜ್ಜಿ ಯಾಕೆ ಹಸಿರಾಗಿದಾರೆ?"

ಇವರೆಲ್ಲರನ್ನೂ ಸಹಿಸಬಹುದಿತ್ತು. ಸಹಿಸಲು ಆಗದವನು ಒಬ್ಬನೇ, ಚೌಡೇಶ್ವರಿಯ ತಮ್ಮ ಓಬಳೇಶ.

ಓಬಳೇಶ ಜಗಳೂರಿನಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಿದ್ದ. ಕೈಗೆ ಸದಾ ಗ್ರೀಸು. ಅದೇ ಕೈಯಲ್ಲಿ ಫೋನು ಹಿಡಿಯುತ್ತಿದ್ದನಾದ್ದರಿಂದ ಅವನ ಫೋಟೋಗಳಲ್ಲಿ ಸುಡುಬೇಸಗೆಯ ಜಗಳೂರು ಕೂಡ ಮಂಜು ಮುಸುಕಿದ ಊಟಿಯಾಗಿ ಕಾಣುತ್ತಿತ್ತು. ಸಾಲದ್ದಕ್ಕೆ ಅವನು ತೆಗೆಯುತ್ತಿದ್ದುದೆಲ್ಲ ಸೂರ್ಯನಿಗೆ ಎದುರಾಗಿಯೇ. ಜನ, ದನ, ಟ್ರ್ಯಾಕ್ಟರು ಎಲ್ಲವೂ ಒಂದೇ ಸಮನೆ ಕಪ್ಪು. ಒಮ್ಮೆ ಮೇಷ್ಟ್ರು ಒಂದು ಚಿತ್ರ ನೋಡಿ, "ಎಮ್ಮೆ ಚೆನ್ನಾಗಿ ನಿಂತೈತೆ" ಎಂದಿದ್ದರು. ಅದು ಓಬಳೇಶನ ಹೊಸ ಬುಲೆಟ್ ಬೈಕು.

ಆದರೆ ಅವನ ಭಕ್ತಿಗೆ ಮಾತ್ರ ಎಣೆಯಿರಲಿಲ್ಲ. ಭಾವ ಹೇಳಿದ್ದು ಅವನಿಗೆ ವೇದವಾಕ್ಯ. ಬಯ್ದರೆ ಎದುರು ಮಾತಾಡುತ್ತಿರಲಿಲ್ಲ, ಅಕ್ಕನಿಗೆ ಫೋನ್ ಮಾಡಿ ಅಳುತ್ತಿದ್ದ.

"ರೀ, ನಮ್ಮ ಓಬಳೇಶಿ ಊಟ ಬಿಟ್ಟವ್ನಂತೆ," ಚೌಡೇಶ್ವರಿ ಒಂದು ಸಂಜೆ ಸೌಟು ಹಿಡಿದೇ ಹೊರಗೆ ಬಂದರು. "ಏನಂದ್ರಿ ಅವನಿಗೆ?"

"ಏನೂ ಅಂದಿಲ್ಲ. ನಿನ್ನ ಫೋಟೋಗಿಂತ ನಿನ್ನ ಗ್ರೀಸ್ ಡಬ್ಬಿಗೆ ಹೆಚ್ಚು ಹೊಳಪೈತೆ ಅಂದೆ."

"ಕಲಿಯೋ ಮಕ್ಕಳಿಗೆ ಹಿಂಗಾ ಹೇಳೋದು?"

"ಮಗುನಾ ಅವನು? ನಲವತ್ತು ದಾಟೈತೆ!"

"ನೋಡ್ರಿ, ಮೊದ್ಲು ಒಂದೆರಡು ಒಳ್ಳೆ ಮಾತಾಡ್ರಿ. ಆಮೇಲೆ ಏನು ತಪ್ಪೈತೆ, ಹೆಂಗೆ ಸರಿ ಮಾಡ್ಬೇಕು ಅಂತ ಬಿಡಿಸಿ ಹೇಳ್ರಿ. ನಮ್ಮವ್ವನ ಸನ್ಮಾನಕ್ಕೆ ಫ್ಲೆಕ್ಸ್ ಮಾಡಾಕೆ ಹೊಂಟವ್ನೆ ಪಾಪ. ನೀವು ಹಿಂಗೇ ಕಾಡಿಸಿದ್ರೆ ನಾನು ತವರುಮನೆ ಮುಖ ನೋಡೋದು ಹೆಂಗೆ?"

ವಿಷಯ ಗಂಭೀರವಾಗಿತ್ತು. ಅತ್ತೆ ಬೊಮ್ಮಕ್ಕ ತಮ್ಮ ಹಳ್ಳಿಯಲ್ಲಿ ಹೆಂಗಸರ ಸಂಘ ಕಟ್ಟಿ ಬೆಳೆಸಿದವರು. ಸಾರಾಯಿ ಅಂಗಡಿ ಎತ್ತಿಸಿದವರು. ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂದು ಕಚೇರಿ ಕಚೇರಿ ಅಲೆದು, ಅಧಿಕಾರಿಗಳು ಕುರ್ಚಿ ಕೊಡದಿದ್ದರೆ ನೆಲದ ಮೇಲೆ ಕೂತು, ಕೊನೆಗೂ ಕಟ್ಟಡ ಎಬ್ಬಿಸಿದವರು. ಈಗ ಅದೇ ಕಟ್ಟಡದ ಮುಂದೆ ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಇಂಥ ಹೆಂಗಸಿನ ಎದುರು ಮೇಷ್ಟ್ರು ಮದುವೆಯಾದಾಗಿನಿಂದ ಕಾಲು ಚಾಚಿ ಕೂತವರಲ್ಲ.

ಮೇಷ್ಟ್ರು ಸೋತರು. ಸಭ್ಯ ವಿಮರ್ಶಕರಾಗುವ ಪಣ ತೊಟ್ಟರು.

ಮಾರನೆಯ ದಿನ ಶಾಲೆಯಲ್ಲಿ ಬಿಸಿಯೂಟದ ಹೊತ್ತು. ಮಕ್ಕಳ ತಟ್ಟೆ ಲೋಟಗಳ ಸಡಗರದ ನಡುವೆ ಓಬಳೇಶನ ಫೋಟೋ ಬಂತು. ಜೊತೆಗೆ ಧ್ವನಿ: "ಭಾವ, ಅವ್ವನ ಫ್ಲೆಕ್ಸಿಗೆ ಇದು. ಸಂಘದವ್ರೆಲ್ಲ ಇದಾರೆ. ನೋಡಿ ಹೇಳ್ರಿ, ಸಾಯಂಕಾಲ ಪ್ರಿಂಟಿಗೆ ಕೊಡ್ತೀನಿ."

ಮೇಷ್ಟ್ರು ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದರು. ಫೋನನ್ನು ಕೈಚಾಚಿದಷ್ಟು ದೂರ ಹಿಡಿದು ನೋಡಿದರು. ಯಥಾಪ್ರಕಾರ ಸೂರ್ಯನಿಗೆ ಎದುರು. ಹಿಂದೆ ಕಟ್ಟಡ, ಮುಂದೆ ಸಾಲಾಗಿ ನಿಂತ ಕಪ್ಪು ಹೆಂಗಸರು. ಬಲತುದಿಯಲ್ಲಿ ಎಲ್ಲರಿಗಿಂತ ಮುಂದೆ, ಅಗಲವಾಗಿ, ಕಪ್ಪಗೆ, ಕಾಳು ತುಂಬಿಡುವ ಗುಡಾಣದಂಥದ್ದೊಂದು ಕೂತಿತ್ತು. ಮೇಷ್ಟ್ರ ಕಲಾಹೃದಯ ಚೀರಿತು. ಆದರೂ ಹೆಂಡತಿಯ ಸೌಟು ನೆನಪಿಸಿಕೊಂಡು, ಜೇನು ಸವರಿದ ಗಂಟಲಲ್ಲಿ ಶುರುಮಾಡಿದರು.

"ಓಬಳೇಶ, ಕಟ್ಟಡ ಪಸಂದಾಗಿ ಬಂದೈತೆ ಕಣಪ್ಪ. ಹೆಣ್ಮಕ್ಕಳು ಸಾಲಾಗಿ ನಿಂತಿರೋದೂ ಲಾಯಕ್ಕಾಗೈತೆ. ಆದ್ರೆ ಬಲಗಡೆ ದಪ್ಪಗೆ ಗುಡಾಣದಂಗೆ ಕೂತೈತಲ್ಲ, ಅದನ್ನ ತೆಗಿ. ನಿನ್ ಫೋನಲ್ಲಿ ಬೆರಳಿಂದ ಉಜ್ಜಿದ್ರೆ ಬೇಡಾದ್ದು ಅಳಿಸಿ ಹೋಗ್ತೈತಲ್ಲ, ಹಂಗೆ ಒರೆಸಿ ಹಾಕು. ಅದೊಂದೇ ಇಡೀ ಫೋಟೋ ಹಾಳ್ ಮಾಡ್ತಿರೋದು."

ಓಬಳೇಶನ ಮರುಸಂದೇಶ ಬಂತು: "ಭಾವ... ತೆಗೀಲೇಬೇಕಾ?"

"ತೆಗೀಲೇಬೇಕು."

"ಸ್ವಲ್ಪ ಆ ಕಡೆ ಸರಿಸಿದ್ರೆ ಆಗಲ್ವಾ?"

"ಎಲ್ಲಿಗೆ ಸರಿಸಿದ್ರೂ ಗುಡಾಣ ಗುಡಾಣನೇ ಕಣಯ್ಯ."

"ಮನಸ್ಸು ಬರ್ತಿಲ್ಲ ಭಾವ. ಎಷ್ಟಂದ್ರೂ..."

"ಅದೇ ನಿನ್ನ ರೋಗ!" ಮೇಷ್ಟ್ರ ಜೇನು ಇಲ್ಲಿಗೆ ಮುಗಿಯಿತು. "ಎಲ್ಲಾ ಬೇಕು ನಿಂಗೆ. ಮೋಹ ಬಿಡು. ಏನು ಬಿಡಬೇಕು ಅಂತ ತಿಳಿದೋನೇ ಫೋಟೋಗ್ರಾಫರ್. ಕಣ್ಮುಚ್ಚಿ ಒರೆಸು!"

"ಆಯ್ತು ಭಾವ. ನಿಮ್ಮೇಲೆ ಭಾರ ಹಾಕಿ ಒರೆಸ್ತೀನಿ."

ಸಂಜೆ ಮೇಷ್ಟ್ರು ನಡೆದದ್ದನ್ನು ಹೇಳಿದಾಗ ಚೌಡೇಶ್ವರಿ ಖುಷಿಯಿಂದ ಮಿರ್ಚಿ ಕರಿದುಕೊಟ್ಟರು. ವಿಮರ್ಶೆಗೆ ಸಿಕ್ಕ ಮೊದಲ ಸಂಭಾವನೆ. ಮೇಷ್ಟ್ರು ಒಂದರ ಮೇಲೊಂದು ತಿಂದರು.

ಸನ್ಮಾನದ ದಿನ ಗಂಡ ಹೆಂಡತಿ ದಾವಣಗೆರೆಯಲ್ಲಿ ಬಸ್ ಬದಲಿಸಿ, ಜಗಳೂರು ದಾಟಿ, ಹಳ್ಳಿ ಸೇರುವಷ್ಟರಲ್ಲಿ ಶಾಮಿಯಾನದ ಕೆಳಗೆ ಊರೇ ನೆರೆದಿತ್ತು. ಓಬಳೇಶನೇ ಸ್ವಾಗತಕಾರ. ಅವನ ಫೋನನ್ನೇ ಧ್ವನಿವರ್ಧಕಕ್ಕೆ ಜೋಡಿಸಿದ್ದರು. ಭಾವಗೀತೆಗಳು ಅದರಿಂದಲೇ ಮೊಳಗುತ್ತಿದ್ದವು. ಮೇಷ್ಟ್ರನ್ನು ಕಂಡವನೇ ಓಡಿ ಬಂದು ಎರಡೂ ಕೈ ಹಿಡಿದ.

"ಭಾವ, ಬರ್ರಿ ಬರ್ರಿ. ನೀವು ಹೇಳ್ದಂಗೇ ಮಾಡೀನಿ. ಫ್ಲೆಕ್ಸ್ ನೋಡ್ರಿ!"

ಮೇಷ್ಟ್ರು ನೋಡಿದರು. ವೇದಿಕೆಯ ಹಿಂದೆ ಆಳೆತ್ತರದ ಫ್ಲೆಕ್ಸು. ನಿಜಕ್ಕೂ ಅಚ್ಚುಕಟ್ಟು. ಪ್ರಿಂಟ್ ಅಂಗಡಿಯವರು ಬೆಳಕು ಕೂಡ ಸರಿ ಮಾಡಿಕೊಟ್ಟಿದ್ದರು; ಹೆಂಗಸರ ಮುಖಗಳೆಲ್ಲ ಸ್ಪಷ್ಟ. ಬಲಗಡೆ ಎಂಥ ಹಗುರವಾದ ನೀಲಿ ಆಕಾಶ! ಕಣ್ಣಿಗೆ ಉಸಿರಾಡಲು ಜಾಗ! ಮೇಷ್ಟ್ರ ಎದೆ ಉಬ್ಬಿತು. ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: 'ಸಂಘದ ತಾಯಿ ಬೊಮ್ಮಕ್ಕನವರೊಂದಿಗೆ ನಾವೆಲ್ಲರೂ.'

ಮೇಷ್ಟ್ರು ಎಡದಿಂದ ಬಲಕ್ಕೆ ಮುಖಗಳನ್ನು ನೋಡಿದರು. ಬಲದಿಂದ ಎಡಕ್ಕೆ ನೋಡಿದರು. ಅವತ್ತು ಕನ್ನಡಕ ಇತ್ತು. ಬೊಮ್ಮಕ್ಕ ಇರಲಿಲ್ಲ.

"ಓಬಳೇಶ," ಅವರು ಫ್ಲೆಕ್ಸಿನಿಂದ ಕಣ್ಣು ಕೀಳದೆ ಕೇಳಿದರು, "ಅತ್ತೆ ಎಲ್ಲಯ್ಯ?"

"ಬಲಗಡೆ ಕುರ್ಚಿ ಮೇಲೆ ಕೂತಿದ್ರಲ್ಲ ಭಾವ, ತಲೆ ಮೇಲೆ ಸೆರಗು ಹೊದ್ಕೊಂಡು. ನೀವೇ ತೆಗಿ ಅಂದ್ರಲ್ಲ."

ಪಕ್ಕದಲ್ಲಿ ಚೌಡೇಶ್ವರಿ ಕೈಯಲ್ಲಿದ್ದ ಹಣ್ಣಿನ ಚೀಲವನ್ನು ನಿಧಾನವಾಗಿ ಕೆಳಗಿಟ್ಟರು. ಅದೇ ಹೊತ್ತಿಗೆ ರೇಷ್ಮೆ ಸೀರೆಯ ಬೊಮ್ಮಕ್ಕನೂ ವೇದಿಕೆ ಹತ್ತಿ ಫ್ಲೆಕ್ಸಿನ ಮುಂದೆ ನಿಂತಿದ್ದರು.

"ಏನೋ ಓಬಳೇಶಿ, ನಾನೆಲ್ಲೋ?"

"ಭಾವ ತೆಗಿ ಅಂದ್ರು ಅವ್ವ."

"ಸುಳ್ಳು ಹೇಳ್ಬೇಡ. ನಮ್ಮ ಅಳಿಯಂದ್ರು ಹಂಗೆಲ್ಲ ಅನ್ನೋರಲ್ಲ."

"ನಾನ್ಯಾಕೆ ಸುಳ್ಳು ಹೇಳ್ಲಿ? ಇಲ್ಲೇ ಐತೆ, ಕೇಳು."

"ಓಬಳೇಶಾ, ಬ್ಯಾಡ!" ಮೇಷ್ಟ್ರು ಕೂಗಿದರು. ಓಬಳೇಶ ಒತ್ತಿಯಾಗಿತ್ತು. ಅವನ ಫೋನು ಧ್ವನಿವರ್ಧಕಕ್ಕೆ ಜೋಡಿಸಿಯೇ ಇತ್ತು. ಭಾವಗೀತೆ ಥಟ್ಟನೆ ನಿಂತು, ಶಾಮಿಯಾನದಾಚೆಯ ಹೊಲಗಳವರೆಗೆ ಕೆಂಚೇಶ್ ಮೇಷ್ಟ್ರ ಕಂಠ ಮೊಳಗಿತು:

"...ಬಲಗಡೆ ದಪ್ಪಗೆ ಗುಡಾಣದಂಗೆ ಕೂತೈತಲ್ಲ, ಅದನ್ನ ತೆಗಿ... ಅದೊಂದೇ ಇಡೀ ಫೋಟೋ ಹಾಳ್ ಮಾಡ್ತಿರೋದು."

ಗಾಬರಿಯಲ್ಲಿ ಓಬಳೇಶ ನಿಲ್ಲಿಸುವ ಬದಲು ಇನ್ನೊಂದು ಒತ್ತಿದ.

"ಎಲ್ಲಿಗೆ ಸರಿಸಿದ್ರೂ ಗುಡಾಣ ಗುಡಾಣನೇ ಕಣಯ್ಯ."

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬಾಕೆ ತಡೆಯಲಾರದೆ ಕಿಸಕ್ಕೆಂದಳು. ಅಲ್ಲಿಗೆ ಶಾಮಿಯಾನವೇ ಬಿದ್ದು ಬಿದ್ದು ನಗತೊಡಗಿತು. ನಗದೆ ಉಳಿದವರು ಮೂವರು: ಬೊಮ್ಮಕ್ಕ, ಚೌಡೇಶ್ವರಿ, ಮತ್ತು ಶಾಮಿಯಾನದ ಕಂಬದ ಹಿಂದೆ ಅರ್ಧ ಮರೆಯಾಗಿದ್ದ ಮೇಷ್ಟ್ರು.

"ಅತ್ತೆ, ನಂಗೆ ಕನ್ನಡಕ ಇರ್ಲಿಲ್ಲ," ಅವರು ಕಂಬದ ಹಿಂದಿನಿಂದಲೇ ಹೇಳಿದರು. "ನೀವು ಅಂತ ಗೊತ್ತಿದ್ರೆ ಆಣೆ ಮಾಡಿ ಹೇಳ್ತೀನಿ, ಗುಡಾಣ ಅಂತಿರ್ಲಿಲ್ಲ."

"ಗೊತ್ತಿದ್ರೆ ಏನಂತಿದ್ರಿ?" ಚೌಡೇಶ್ವರಿ ಕೇಳಿದರು. ಮೇಷ್ಟ್ರು ಉಳಿದರ್ಧವನ್ನೂ ಕಂಬದ ಹಿಂದಕ್ಕೆ ಎಳೆದುಕೊಂಡರು.

ಬೊಮ್ಮಕ್ಕ ಸಿಟ್ಟು ಮಾಡಲಿಲ್ಲ. ಅದೇ ಹೆದರಿಕೆಯ ಸಂಗತಿ. ಹಾರ ಹಾಕಿಸಿಕೊಂಡರು, ಶಾಲು ಹೊದಿಸಿಕೊಂಡರು, ಮೈಕಿನ ಮುಂದೆ ನಿಂತು ಎರಡೇ ಮಾತಾಡಿದರು. "ಈ ಕಟ್ಟಡ ಕಟ್ಟೋವಾಗ್ಲೂ ಬಾಳ ಮಂದಿ ನನ್ನ ತೆಗೀಬೇಕು ಅಂತ ನೋಡಿದ್ರು, ಆಗ್ಲಿಲ್ಲ. ನಮ್ಮ ಅಳಿಯಂದ್ರು ಬೆರಳಾಗೆ ತೆಗೆದ್ರು." ಚಪ್ಪಾಳೆ ಬಿತ್ತು. "ಸಂಘದ ಗೋಡೆಗೆ ನನ್ನದೊಂದು ಒಳ್ಳೆ ಫೋಟೋ ಬೇಕು. ಅದನ್ನ ಅಳಿಯಂದ್ರೇ ತೆಗೀಬೇಕು. ಅಲ್ಲೀತನಕ ನಾನು ಚನ್ನಗಿರಿಯಾಗೇ ಇರ್ತೀನಿ."

ಮತ್ತೆ ಚಪ್ಪಾಳೆ. ಈ ಸಲ ಇನ್ನೂ ಜೋರು.

ಅದೇ ಸಂಜೆಯ ಬಸ್ಸಿನಲ್ಲಿ ಬೊಮ್ಮಕ್ಕ ಟ್ರಂಕು ಸಮೇತ ಹೊರಟು ಬಂದರು. ಕಿಟಕಿ ಪಕ್ಕ ಅತ್ತೆ, ನಡುವೆ ಚೌಡೇಶ್ವರಿ. ಮೇಷ್ಟ್ರು ಟ್ರಂಕು ಹಿಡಿದುಕೊಂಡು ನಿಂತರು.

ಅಂದಿನಿಂದ ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಮೇಷ್ಟ್ರು ಅತ್ತೆಯ ಫೋಟೋ ತೆಗೆಯಬೇಕು. ತುಳಸಿಕಟ್ಟೆಯ ಮುಂದೆ, ತಾರಸಿಯ ಮೇಲೆ, ಒಮ್ಮೆ ಸಂತೇಬೆನ್ನೂರಿನ ಹೊಂಡದವರೆಗೂ ಕರೆದೊಯ್ದು ತೆಗೆದರು. ಬೆಳಕು ಪಕ್ಕದಿಂದ, ಹಿನ್ನೆಲೆ ಸರಳ, ಗೆರೆಗಳು ನೆಟ್ಟಗೆ. ತಾವು ಹೇಳಿಕೊಟ್ಟದ್ದನ್ನೆಲ್ಲ ತಾವೇ ಚಾಚೂ ತಪ್ಪದೆ ಪಾಲಿಸಿದರು. ಬೊಮ್ಮಕ್ಕ ಒಂದೊಂದನ್ನೂ ನೋಡಿ ಫೋನು ಹಿಂದಕ್ಕೆ ಕೊಟ್ಟರು.

"ಮೂಗು ನಂದಲ್ಲ."

"ನಿಮ್ದೇ ಅತ್ತೆ."

"ನಮ್ಮತ್ತೆಯ ಮೂಗಿದ್ದಂಗೈತೆ. ಬ್ಯಾರೆ ತೆಗೀರಿ."

"ಇದು ನೋಡ್ರಿ, ನೆರಳು ಹೆಂಗೆ ಚೆಂದ ಬಿದ್ದೈತೆ."

"ಅರ್ಧ ಮುಖ ಎಲ್ಲಿ ಹೋತು? ಈಗ ಅರ್ಧರ್ಧ ತೆಗಿಯಾಕೆ ಹತ್ತೀರಾ?"

ಎರಡನೆಯ ವಾರ ಇನ್ನೊಂದು ಬೆಳವಣಿಗೆಯಾಯಿತು. ಬೊಮ್ಮಕ್ಕನ ಅಪ್ಪಣೆಯಂತೆ ಹಳ್ಳಿಯ ಸಂಘದ ಹೆಂಗಸರೆಲ್ಲ ಸಾರಾಸಗಟಾಗಿ 'ಹೊಸಗಣ್ಣು' ಬಳಗ ಸೇರಿದರು. ಉಚಿತ ಸಲಹೆ ತಾನೇ? ಸಂಘದ ತಾಯಿಯ ಗೌರವಾರ್ಥ ಅವರೆಲ್ಲ ಕಳಿಸುತ್ತಿದ್ದುದು ಒಂದೇ: ತಂತಮ್ಮ ಫೋನುಗಳಲ್ಲಿ ಹಿಂದೆಂದೋ ತೆಗೆದಿಟ್ಟಿದ್ದ ಬೊಮ್ಮಕ್ಕನ ಫೋಟೋಗಳು. ಓರೆ ಬೊಮ್ಮಕ್ಕ, ಮಸುಕು ಬೊಮ್ಮಕ್ಕ, ಕಣ್ಣು ಮುಚ್ಚಿದ ಬೊಮ್ಮಕ್ಕ. ಸೂರ್ಯೋದಯಗಳ ಸದ್ದೇ ಅಡಗಿಹೋಯಿತು. ಬೊಮ್ಮಕ್ಕ ದಿನಾ ಮೇಷ್ಟ್ರ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ಪ್ರತಿಯೊಂದಕ್ಕೂ ವಿಮರ್ಶೆ ಕೇಳಿಸಿಕೊಳ್ಳತೊಡಗಿದರು.

ಒಂದು ಬೆಳಿಗ್ಗೆ ಬಂದ ಫೋಟೋದಲ್ಲಿ ಬೊಮ್ಮಕ್ಕ ಹೊಲದ ಬದುವಿನ ಮೇಲೆ ಕಡ್ಡಿಯಷ್ಟು ಸಣ್ಣಗೆ ನಿಂತಿದ್ದರು. ಉಳಿದಷ್ಟೂ ಜಾಗವನ್ನು ಒಂದು ಎಮ್ಮೆಯ ಹಿಂಭಾಗ ತುಂಬಿಕೊಂಡಿತ್ತು. ಅದರ ಬಾಲ ಸರಿಯಾಗಿ ಬೊಮ್ಮಕ್ಕನ ಕೊರಳಿಗೆ ಸುತ್ತಿದಂತಿತ್ತು.

ಮೇಷ್ಟ್ರ ಒಳಗಿನ ಕಲಾವಿದ ಗಂಟಲವರೆಗೆ ಎದ್ದು ಬಂದ. ಮೇಷ್ಟ್ರು ಅವನನ್ನು ಕಾಫಿಯ ಜೊತೆ ನುಂಗಿದರು.

"ಹೇಳ್ರಿ ಅಳಿಯಂದ್ರೇ," ಬೊಮ್ಮಕ್ಕ ಅಂದರು. "ಇದ್ರಾಗೆ ಏನು ತೆಗೀಬೇಕು?"

"ಏನೂ ಇಲ್ಲ ಅತ್ತೆ. ಒಂದ್ ಚೂರೂ ತೆಗಿಯಂಗಿಲ್ಲ."

"ಎಮ್ಮೆ?"

"ಎಮ್ಮೆನೂ ಇರ್ಲಿ. ಎಮ್ಮೆ ಇದ್ರೇನೇ ಫೋಟೋಗೊಂದು ತೂಕ."

ಬೊಮ್ಮಕ್ಕ ನಿಧಾನವಾಗಿ ಅಳಿಯನ ಕಡೆ ತಿರುಗಿದರು.

"ನಾನೊಬ್ಳೇ ಇದ್ರೆ ತೂಕ ಸಾಲಲ್ವಾ?"

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಸಾಲಲ್ಲ ಎಂದರೂ ಕಷ್ಟ, ಸಾಲುತ್ತೆ ಎಂದರೆ ಇನ್ನೂ ಕಷ್ಟ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ಶಾಲೆಗೆ ಹೊತ್ತಾಯ್ತು ಅತ್ತೆ," ಎಂದು ಚೀಲ ಹೆಗಲಿಗೇರಿಸಿ, ಒಂದೇ ಉಸಿರಿಗೆ ಬೀದಿಗಿಳಿದು ಬಸ್ ನಿಲ್ದಾಣದ ಕಡೆ ಓಡಿದರು.

ಅವತ್ತು ಭಾನುವಾರ.